ಚುಕ್ಕಿ, ಗೆರೆ, ಅಂಕೆ: ಗಣಕದೊಳಗೆ ಗಡಿಯೂರುಗಳ ಹೆಸರು

ಆಂಧ್ರಪ್ರದೇಶದ ಕನ್ನಡ ಗಡಿನಾಡು ನಮ್ಮ ಕಾಸರಗೋಡು ಕಡೆಯ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ರಾಯದುರ್ಗ, ಮಡಕಶಿರ ಎಂಬ ಎರಡು ಊರುಗಳು ಆ ಗಡಿನಾಡಿನವು. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದವಾನಿಗಳೊಡನೆ ಅದೂ ಆಂಧ್ರದ ಪಾಲಾಗಿ ಅನಂತಪುರ ಜಿಲ್ಲೆಯನ್ನು ಸೇರಿತು. ಮಡಕಶಿರವಾದರೋ ಮೊದಲಿನಿಂದಲೂ ಅನಂತಪುರದ್ದೇ. ಭೂಪಟದಲ್ಲಿ ಅದು ತುಮಕೂರು ಸೀಮೆಯೊಳಕ್ಕೆ ಚಾಚಿದ ನಾಲಗೆಯಂತೆ ಕಾಣುತ್ತದೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಎರಡು ಕಡೆಯೂ ಮನೆಮಾತು ಕನ್ನಡವಾಗಿರುವ ಊರುಗಳು ಹಲವಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ದಾಖಲೆಯ ಹಾಳೆಯಲ್ಲಿ ಇಂಗ್ಲಿಷ್. 1956ರ ನವೆಂಬರ್ 1ರಿಂದ ಕನ್ನಡ, ಮಲಯಾಳಗಳೆರಡನ್ನೂ ಹೆಗಲ ಮೇಲೆ ಹೊತ್ತು ನಡೆದವರಿಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ನಾನು ಹೇಳಹೊರಟಿರುವುದು ಗಡಿ ತಂಟೆಯ ಕಥೆಯಲ್ಲ. ಮೇಲೊಂದು ಗೆರೆ, ಕೆಳಗೊಂದು ಚುಕ್ಕಿ ಇಟ್ಟು ಬರೆಯುವ ರೋಮನ್ ಅಕ್ಷರಗಳ ಕಥೆ. ಗಣಕಯಂತ್ರವು ಅವುಗಳನ್ನು ಅಂಕೆಗಳಾಗಿ ಹೇಗೆ ಇಟ್ಟುಕೊಂಡಿತು ಎಂಬ ಕಥೆ. ಫ್ರೆಂಚರ, ಜರ್ಮನರ ಈ ವ್ಯವಹಾರ ಗಡಿನಾಡಿನ ಕನ್ನಡಿಗನಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ಊರುಗಳ ಹೆಸರು ಎರಡು ಬಾರಿ ಈ ಅಕ್ಷರಗಳ ಕೈಗೆ ಸಿಕ್ಕಿದೆ, ಒಮ್ಮೆ ಉಳಿಯಲಿಕ್ಕೆ, ಇನ್ನೊಮ್ಮೆ ಕಳೆದುಹೋಗಲಿಕ್ಕೆ. ಆದ್ದರಿಂದ ಬೇಕು.

ಮೊದಲು ಊರುಗಳ ಹೆಸರನ್ನೇ ನೋಡೋಣ. ಮಡಕಶಿರದ ಆಸುಪಾಸಿನಲ್ಲಿ ಅಗಳಿ, ರೊಳ್ಳ ಎಂಬ ಊರುಗಳಿವೆ. ರಾಯದುರ್ಗದ ಕಡೆ ಕಣೇಕಲ್, ಬೊಮ್ಮನಹಾಳ್, ಹಿರೇಹಾಳ್. ತೆಲುಗಿನಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ಅಗಳಿಯ ಳಕಾರಕ್ಕೆ, ಕಣೇಕಲ್ಲಿನ ಣಕಾರಕ್ಕೆ ಕುಂದಿಲ್ಲ, ಎರಡು ಲಿಪಿಗಳಲ್ಲಿಯೂ ಆ ಅಕ್ಷರಗಳಿವೆ. ಅದೇ ಹೆಸರನ್ನು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಲ್ಲಿ ಬರೆದು, ಊರು ಕಾಣದ ಗುಮಾಸ್ತನೊಬ್ಬನು ಮತ್ತೆ ಕನ್ನಡಕ್ಕೆ ತಂದರೆ ಅಗಳಿ 'ಅಗಲಿ' ಆಗಬಹುದು. ಕರ್ನಾಟಕದಿಂದ ಅಗಲಿ ನಿಂತ ಊರಿಗೆ ಅದೂ ಸಲ್ಲುತ್ತದೆ ಎಂದು ನಕ್ಕುಬಿಡಬಹುದು, ಆದರೆ ಊರಿನ ಹೆಸರು ಅದಲ್ಲ. ಹಿರೇಹಾಳಿನ 'ಹಾಳ್' ರೋಮನ್‌ನಲ್ಲಿ ಮೂರೇ ಅಕ್ಷರವಾಗಿ ಹಲ್, ಹಾಲ್, ಹಾಳ್ ಯಾವುದೂ ಆಗಬಲ್ಲದು. ಮಡಕಶಿರದ 'ಡ' ದಕಾರವೋ ಡಕಾರವೋ, 'ಶಿ' ಸಿಯೋ ಶಿಯೋ ಎಂಬುದು ಇಂಗ್ಲಿಷ್ ಫಲಕವನ್ನಷ್ಟೇ ಓದಿದವನಿಗೆ ತಿಳಿಯದು. ಎರಡು ರಾಜ್ಯಗಳ ಕಚೇರಿಗಳ ನಡುವೆ ಓಡಾಡುವ ಕಾಗದದಲ್ಲಿ ಸಾಮಾನ್ಯವಾಗಿರುವ ಲಿಪಿ ರೋಮನ್ ಒಂದೇ. ಸೇತುವೆ ಅದೊಂದೇ, ಆದರೆ ಹಲಗೆಗಳು ನಾಲ್ಕಾರು ಕಡಮೆ.

ಈ ಕೊರತೆಯನ್ನು ತುಂಬಲೆಂದೇ ಚುಕ್ಕಿ ಗೆರೆಗಳು ಬಂದವು. ಯುರೋಪಿನವರು ಇದನ್ನು ನಮಗಾಗಿ ಕಂಡುಹಿಡಿದರೆಂದು ತಿಳಿಯಬಾರದು. ಲ್ಯಾಟಿನ್ ಲಿಪಿ ಅವರ ಭಾಷೆಗಳಿಗೇ ಸಾಲುತ್ತಿರಲಿಲ್ಲ. ಸ್ಪೇನಿನ ಬರಹಗಾರರು 'ಎನ್' ಅಕ್ಷರ ಎರಡು ಸಲ ಬಂದಾಗ ಎರಡನೆಯದನ್ನು ಮೊದಲನೆಯದರ ನೆತ್ತಿಯ ಮೇಲೆ ಪುಟ್ಟದಾಗಿ ಬರೆದರು. ಅದೇ ಕಾಲಕ್ರಮದಲ್ಲಿ ಅಲೆಯಂಥ ಗೆರೆಯಾಯಿತು. ನಾವು ಒತ್ತನ್ನು ಕೆಳಗೆ ಬರೆದೆವು, ಅವರು ಮೇಲೆ ಬರೆದರು, ಅಷ್ಟೇ ವ್ಯತ್ಯಾಸ. ಜರ್ಮನರು ಸ್ವರದ ಮೇಲೆ ಚಿಕ್ಕ 'ಇ' ಅಕ್ಷರವನ್ನು ಬರೆಯುತ್ತಿದ್ದರು; ಅದು ಸವೆದು ಎರಡು ಚುಕ್ಕಿಗಳಾಗಿ ಉಳಿಯಿತು. ಭಾರತದ ಭಾಷೆಗಳಿಗೆ ಈ ಉಪಾಯವನ್ನು ಕ್ರಮವಾಗಿ ಹೊಂದಿಸಲು ಯತ್ನಿಸಿದವರಲ್ಲಿ ವಿಲಿಯಂ ಜೋನ್ಸ್ ಮೊದಲಿಗರು. ಏಷ್ಯಾದ ಮಾತುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಬಗೆಯನ್ನು ಕುರಿತ ಅವರ ಪ್ರಬಂಧ 1788ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು.

ನಮ್ಮ ಸೀಮೆಯಲ್ಲಿ ಈ ಕೆಲಸದ ದೊಡ್ಡ ಕಮ್ಮಟ ಮಂಗಳೂರು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಬಾಸೆಲ್ ಮಿಶನ್ನಿನ ಆಶ್ರಯದಲ್ಲಿ ಮಂಗಳೂರಿನಿಂದಲೇ ಹೊರಬಂದವು. ಎರಡರಲ್ಲಿಯೂ ದೇಶೀ ಲಿಪಿಯ ಪದದ ಬಗಲಲ್ಲಿ ಗುರುತು ಹೊತ್ತ ರೋಮನ್ ರೂಪವಿದೆ. ಈ ವಾರ್ಷಿಕದ ಎರಡು ಭಾಷೆಗಳೂ ಒಂದೇ ಊರಿನ ಅಚ್ಚುಮೊಳೆಯಲ್ಲಿ ಚುಕ್ಕಿ ಗೆರೆಗಳನ್ನು ತೊಟ್ಟುಕೊಂಡವು ಎಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಕಿಟೆಲರ ನಿಘಂಟು ಬಂದ ವರ್ಷವೇ ಜಿನೀವಾದಲ್ಲಿ ಸೇರಿದ ಪ್ರಾಚ್ಯವಿದ್ವಾಂಸರ ಸಮ್ಮೇಳನವು ಸಂಸ್ಕೃತಾದಿಗಳ ಲಿಪ್ಯಂತರಕ್ಕೆ ಒಂದು ಸಾಮಾನ್ಯ ಕ್ರಮವನ್ನು ಒಪ್ಪಿತು: ದೀರ್ಘಕ್ಕೆ ಮೇಲೆ ಅಡ್ಡಗೆರೆ, ಟ ಡ ಣಗಳಿಗೆ ಕೆಳಗೆ ಚುಕ್ಕಿ. ದ್ರಾವಿಡ ಭಾಷೆಗಳಿಗೆ ಇನ್ನೂ ಎರಡು ಮೂರು ಗುರುತುಗಳು ಬೇಕಾದವು. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲವಾದ್ದರಿಂದ ಅಲ್ಲಿ ಏ, ಓಗಳಿಗೆ ಗೆರೆ ಬೇಕಿಲ್ಲ, ನಮಗೆ ಬೇಕು. ಹಳಗನ್ನಡದ ೞಕಾರಕ್ಕೂ, ಮಲಯಾಳದಲ್ಲಿ ಇಂದಿಗೂ ಜೀವಂತವಾಗಿರುವ ಅದೇ ಧ್ವನಿಗೂ ಕೆಳಗೆ ಅಡ್ಡಗೆರೆಯಿಟ್ಟ 'ಎಲ್' ಅಕ್ಷರ ಒಂದೇ. ಬರೋ ಮತ್ತು ಎಮೆನೋ 1961ರಲ್ಲಿ ದ್ರಾವಿಡ ವ್ಯುತ್ಪತ್ತಿ ಕೋಶವನ್ನು ಹೊರತಂದಾಗ ತಮಿಳು, ಮಲಯಾಳ, ಕನ್ನಡ, ತುಳು, ತೆಲುಗು ಎಲ್ಲವನ್ನೂ ಈ ಅಕ್ಷರಗಳಲ್ಲಿಯೇ ಸಾಲಾಗಿ ನಿಲ್ಲಿಸಿದರು. ಒಡಹುಟ್ಟಿದವರ ಮುಖಹೋಲಿಕೆ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಇತ್ತ ಸರಕಾರದ ಪುಸ್ತಕಗಳು ಈ ಶಿಸ್ತನ್ನು ಅರ್ಧಕ್ಕೇ ಬಿಟ್ಟವು. 1908ರ ಸುಮಾರಿನ ಇಂಪೀರಿಯಲ್ ಗೆಜೆಟಿಯರ್ ದೀರ್ಘಸ್ವರದ ಮೇಲೆ ಗೆರೆ ಹಾಕಿತು, ಕೆಳಗಿನ ಚುಕ್ಕಿಯನ್ನು ಹಾಕಲಿಲ್ಲ. ಅನಂತರ ಗೆರೆಯೂ ಹೋಯಿತು. ಚುಕ್ಕಿ ಗೆರೆಗಳನ್ನು ಬಿಡದೆ ಕಾಪಾಡಿದವರು ಶಾಸನ ಓದುವವರು. ಮಡಕಶಿರ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳನ್ನು ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾಯರು 1939ರಲ್ಲಿ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟವಾಗಿ ತಂದರು. ಅದರಲ್ಲಿ ಪಾಠ ಕನ್ನಡ ಲಿಪಿಯಲ್ಲಿಯೇ ಇದೆ. ಆದರೆ ಎಪಿಗ್ರಾಫಿಯಾ ಇಂಡಿಕಾದಂಥ ಪತ್ರಿಕೆಯಲ್ಲಿ ಶಾಸನದ ಪಾಠವನ್ನು ಗುರುತು ಹೊತ್ತ ರೋಮನ್‌ನಲ್ಲಿ ಅಚ್ಚು ಹಾಕುವುದು ವಾಡಿಕೆಯಾಗಿತ್ತು. ಅಲ್ಲಿ ಚುಕ್ಕಿ ಒಂದು ಬಿದ್ದುಹೋದರೆ ಅದು ಅಚ್ಚಿನ ದೋಷವಷ್ಟೇ ಅಲ್ಲ, ಪಾಠದ ದೋಷ. ಮೊಳೆ ಜೋಡಿಸುವವರ ಕಾಲದಲ್ಲಿ ಬೇಕಾದ ಅಕ್ಷರ ಇಲ್ಲವೆಂದರೆ ಎರಕ ಹೊಯ್ಯಿಸಿದರೆ ಆಯಿತು. ಗಣಕ ಬಂದಾಗ ಈ ಸ್ವಾತಂತ್ರ್ಯ ಹೋಯಿತು.

ಏಕೆಂದರೆ ಗಣಕಕ್ಕೆ ಅಕ್ಷರದ ರೂಪ ಗೊತ್ತಿಲ್ಲ, ಅಂಕೆ ಮಾತ್ರ ಗೊತ್ತು. ಯಾವ ಅಂಕೆಗೆ ಯಾವ ಅಕ್ಷರ ಎಂಬುದು ಜನ ಕೂಡಿ ಮಾಡಿಕೊಂಡ ಒಪ್ಪಂದ. 1963ರಲ್ಲಿ ಅಮೆರಿಕದವರು ಮಾಡಿಕೊಂಡ ಆಸ್ಕಿ ಎಂಬ ಒಪ್ಪಂದದಲ್ಲಿ ಒಂದಕ್ಷರಕ್ಕೆ ಏಳು ಬಿಟ್, ಒಟ್ಟು 128 ಸ್ಥಾನ. ಅದರಲ್ಲಿ 33 ಯಂತ್ರಕ್ಕೆ ಆಜ್ಞೆ ಕೊಡಲಿಕ್ಕೆ. ಉಳಿದುದರಲ್ಲಿ ದೊಡ್ಡ 'ಎ'ಗೆ 65; 1967ರ ಪರಿಷ್ಕರಣದಲ್ಲಿ ಬಂದ ಚಿಕ್ಕ 'ಎ'ಗೆ 97. ಗುರುತು ಹೊತ್ತ ಅಕ್ಷರಕ್ಕೆ ಸ್ಥಾನವೇ ಇಲ್ಲ. ಬೆರಳಚ್ಚು ಯಂತ್ರದಂತೆ ಅಕ್ಷರ ಹೊಡೆದು, ಒಂದು ಮನೆ ಹಿಂದೆ ಸರಿದು, ಅದರ ಮೇಲೆ ಗುರುತನ್ನು ಹೊಡೆಯಬಹುದು ಎಂಬ ಆಲೋಚನೆಯೇನೋ ಇತ್ತು. ಕಾಗದದ ಮೇಲೆ ಅದು ನಡೆಯಿತು, ಪರದೆಯ ಮೇಲೆ ಎರಡನೆಯದು ಬಂದು ಮೊದಲನೆಯದನ್ನು ಅಳಿಸಿತು. ಜರ್ಮನರು ಆವರಣ ಚಿಹ್ನೆಗಳ ಸ್ಥಾನಗಳನ್ನು ತಮ್ಮ ಎರಡು ಚುಕ್ಕಿಯ ಅಕ್ಷರಗಳಿಗೆ ಕೊಟ್ಟುಕೊಂಡರು. ಅಂದರೆ ಒಂದೇ ಅಂಕೆ ಒಂದು ದೇಶದಲ್ಲಿ ಕಂಸ, ಇನ್ನೊಂದು ದೇಶದಲ್ಲಿ ಸ್ವರ.

ಎಂಟನೆಯ ಬಿಟ್ಟನ್ನು ಬಳಸತೊಡಗಿದ ಮೇಲೆ 256 ಸ್ಥಾನಗಳಾದವು. 1987ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಲ್ಯಾಟಿನ್-1 ಎಂಬ ಪಟ್ಟಿ 160ರಿಂದ 255ರವರೆಗಿನ ಸ್ಥಾನಗಳನ್ನು ಪಶ್ಚಿಮ ಯುರೋಪಿನ ಅಕ್ಷರಗಳಿಗೂ ಕೆಲವು ಚಿಹ್ನೆಗಳಿಗೂ ಹಂಚಿತು. ದೊಡ್ಡ 'ಎ' ಮೇಲೆ ಎಡಕ್ಕೆ ವಾಲಿದ ಗೆರೆಯಿದ್ದರೆ 192, ಬಲಕ್ಕೆ ವಾಲಿದ್ದರೆ 193, ಎರಡು ಚುಕ್ಕಿಯಿದ್ದರೆ 196. ಪೌಂಡಿನ ಚಿಹ್ನೆಗೆ 163. ಹಂಚಿಕೆಯಲ್ಲಿ ಫ್ರೆಂಚ್‌ನಂಥ ಬಲಿಷ್ಠ ಭಾಷೆಗೇ ಮೋಸವಾಯಿತು: 'ಓ' ಮತ್ತು 'ಇ' ಕೂಡಿದ ಅವರ ಒಂದು ಅಕ್ಷರಕ್ಕೆ ಜಾಗ ಸಿಕ್ಕಲಿಲ್ಲ, ಆ ಜಾಗದಲ್ಲಿ ಗುಣಾಕಾರ ಭಾಗಾಕಾರದ ಚಿಹ್ನೆಗಳು ಕುಳಿತವು. 1999ರಲ್ಲಿ ಬೇರೊಂದು ಪಟ್ಟಿ ಬಂದ ಮೇಲೆ ಅದು ಸರಿಹೋಯಿತು. ಫ್ರೆಂಚರ ಪಾಡೇ ಹೀಗಿದ್ದಾಗ ಕೆಳಗೆ ಚುಕ್ಕಿಯ 'ಡಿ', ಮೇಲೆ ಗೆರೆಯ 'ಎ' ಬೇಕೆನ್ನುವ ಶಾಸನತಜ್ಞರನ್ನು ಕೇಳುವವರು ಯಾರು? ಸಂಸ್ಕೃತ ವಿದ್ವಾಂಸರು 1990ರಲ್ಲಿ ವಿಯೆನ್ನಾದಲ್ಲಿ ಸೇರಿದಾಗ ತಮ್ಮದೇ ಒಂದು ಪಟ್ಟಿಯನ್ನು ಮಾಡಿಕೊಂಡರು. ಅದರಲ್ಲಿ ದೀರ್ಘದ 'ಎ'ಗೆ 224. ಆ ಪಟ್ಟಿ ಇಲ್ಲದ ಗಣಕದಲ್ಲಿ ಅದೇ ಅಂಕೆ ಫ್ರೆಂಚ್ ಅಕ್ಷರವಾಗಿ ಕಾಣುತ್ತಿತ್ತು.

ಇಲ್ಲಿಂದ ಮುಂದೆ ನಮ್ಮದೇ ಕಥೆ. ಲ್ಯಾಟಿನ್ ಅಕ್ಷರಗಳಿಗೆಂದು ಕಟ್ಟಿದ ಆ ಮನೆಗಳೊಳಗೆ ಕನ್ನಡವೇ ಬಾಡಿಗೆಗೆ ಹೋಗಿ ಕುಳಿತುಕೊಂಡಿತು.

ಸರಿಯಾದ ದಾರಿ ಇರಲಿಲ್ಲವೆಂದಲ್ಲ. ಐ.ಎಸ್. 13194 ಎಂಬ ಭಾರತೀಯ ಮಾನಕ, ಬಳಕೆಯ ಹೆಸರಿನಲ್ಲಿ ಇಸ್ಕಿ, 1991ರಲ್ಲಿ ಬಂತು. ಮೊದಲ 128 ಸ್ಥಾನ ಇಂಗ್ಲಿಷಿಗೆ, ಮೇಲಿನ 128 ಭಾರತೀಯ ಲಿಪಿಗಳೆಲ್ಲಕ್ಕೂ ಸಮಾನ. ಕಕಾರಕ್ಕೆ 179 ಎಂದರೆ ಕನ್ನಡ, ತೆಲುಗು, ಮಲಯಾಳ ಎಲ್ಲದರ ಕಕಾರವೂ ಅದೇ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದಕ್ಕೆ ಪ್ರತ್ಯೇಕ ಸೂಚನೆ. ಆ ಸೂಚನೆಗಳಲ್ಲಿ ರೋಮನ್ ಲಿಪ್ಯಂತರಕ್ಕೂ ಒಂದು ಸಂಖ್ಯೆ ಇತ್ತು. ಗಡಿನಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇರಲಾರದಿತ್ತು ಎಂದು ನನಗೆ ಅನ್ನಿಸುತ್ತದೆ: ಒಂದು ಸಲ ಬರೆದಿಟ್ಟ ಮಡಕಶಿರ ತೆಲುಗರಿಗೆ ತೆಲುಗು, ಕನ್ನಡಿಗರಿಗೆ ಕನ್ನಡ, ಹೊರಗಿನವರಿಗೆ ಗುರುತು ಹೊತ್ತ ರೋಮನ್. ಆದರೆ ಇದಕ್ಕೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನಂಥ ಸಲಕರಣೆಯೋ ತಂತ್ರಾಂಶವೋ ಬೇಕಿತ್ತು. ಪೇಟೆಯ ಡಿ.ಟಿ.ಪಿ. ಅಂಗಡಿಗೆ ಬಂದ ಗಣಕದಲ್ಲಿದ್ದುದು ವಿಂಡೋಸ್, ಅದಕ್ಕೆ ಗೊತ್ತಿದ್ದುದು ಲ್ಯಾಟಿನ್-1ರ ನಂಟಿನ ಪಟ್ಟಿ.

ಆಗ ಅಕ್ಷರವಿನ್ಯಾಸ ಮಾಡುವವರು ಒಂದು ಜಾಣ ಉಪಾಯ ಹೂಡಿದರು. ಅಂಕೆಯನ್ನು ಮುಟ್ಟಲಿಲ್ಲ, ಚಿತ್ರವನ್ನು ಬದಲಾಯಿಸಿದರು. ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಹೊಡೆಯುವ ಅಭ್ಯಾಸ ಮೊದಲೇ ಇತ್ತು. ಹಾಗೆಯೇ ತಲೆಕಟ್ಟಿಲ್ಲದ 'ಕ'ದ ಬುಡ ಒಂದು ಸ್ಥಾನದಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ಒತ್ತುಗಳು ಮತ್ತೊಂದಷ್ಟರಲ್ಲಿ. ಕಿನ್ನಿಕಂಬಳದ ಕೆ. ಪಿ. ರಾಯರು ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಧರ್ಮಾರ್ಥವಾಗಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವೇ ಇಂದಿಗೂ ಕರ್ನಾಟಕದಲ್ಲಿ ನಡೆದುಬಂದಿದೆ. ಶ್ರೀಲಿಪಿ, ಪ್ರಕಾಶಕ್, ಆಕೃತಿ, 1998ರಲ್ಲಿ ಬರಹ, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ, ಹೀಗೆ ಒಂದರ ಹಿಂದೊಂದು ಬಂದವು. ಪುಸ್ತಕೋದ್ಯಮ ಬದುಕಿದ್ದು, ಸಣ್ಣ ಊರುಗಳಲ್ಲಿ ಪತ್ರಿಕೆ ನಡೆದದ್ದು ಇವುಗಳಿಂದ. ಅದನ್ನು ಮರೆತು ದೂರುವುದು ಸಲ್ಲದು.

ಆದರೂ ಒಳಗೆ ಕುಳಿತಿದ್ದುದು ಕನ್ನಡವಲ್ಲ. ನುಡಿಯಲ್ಲಿ ಮಡಕಶಿರ ಎಂದು ಬರೆದ ಕಡತವನ್ನು ನುಡಿಯ ಮುದ್ರಾಕ್ಷರ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದಿಷ್ಟು: ನೆತ್ತಿಗೇರಿಸಿದ ಪುಟ್ಟ 'ಎ', ಎಡಕ್ಕೆ ವಾಲಿದ ಗೆರೆಯ 'ಎ', ಎರಡು ಚುಕ್ಕಿಯ 'ಎ', ಒಂದು 'ಕ್ಯೂ', ಮತ್ತೆ ಗೆರೆಯ 'ಎ', ಒಂದು 'ಪಿ', ಮತ್ತೆ ಗೆರೆಯ 'ಎ', ವರ್ಗಸಂಖ್ಯೆಗೆ ಹಾಕುವಂಥ ಮೇಲೇರಿದ ಎರಡು, ಒಂದು 'ಜಿ', ಕೊನೆಗೆ ಮತ್ತೆ ಗೆರೆಯ 'ಎ'. ಆ ಗೆರೆಯ 'ಎ' ಏನೆಂದರೆ ಲ್ಯಾಟಿನ್-1ರ 192, ನುಡಿಯಲ್ಲಿ ನಮ್ಮ ತಲೆಕಟ್ಟು. ಇಸ್ಕಿಯಲ್ಲಿ ಅದೇ 192 ಢಕಾರ. ಮಡಕಶಿರದ 'ಶಿ' ಮೇಲೇರಿದ ಎರಡು ಆಗಿದೆ. ರಾಯದುರ್ಗದ ಅರ್ಕಾವತ್ತು ಐಸ್‌ಲೆಂಡಿನವರ ಭಾಷೆಯಲ್ಲಿ ಬಳಸುವ 'ಎತ್' ಎಂಬ ಅಕ್ಷರವಾಗಿ ಹೊರಬೀಳುತ್ತದೆ. ಗಣಕದ ನೆನಪಿನಲ್ಲಿ ನಮ್ಮ ಊರು ಹೀಗಿತ್ತು: ಹುಡುಕಿದರೆ ಸಿಗದು, ಅಕಾರಾದಿಯಾಗಿ ಜೋಡಿಸಿದರೆ ಕ್ರಮ ತಪ್ಪುವುದು, ಮಿಂಚಂಚೆಯಲ್ಲಿ ಕಳಿಸಿದರೆ ಯುರೋಪಿನ ಯಾವುದೋ ಹುಚ್ಚು ಭಾಷೆಯಾಗಿ ತಲುಪುವುದು.

ಮಲಯಾಳದ ಪಾಡೂ ಇದೇ, ರೂಪ ಬೇರೆ. ಸಿ-ಡ್ಯಾಕ್‌ನ ಎಂ.ಎಲ್-ಟಿ.ಟಿ. ಮುದ್ರಾಕ್ಷರಗಳಲ್ಲಿ ಸಾಮಾನ್ಯ ಅಕ್ಷರಗಳಿಗೆ ಇಂಗ್ಲಿಷಿನ ಚಿಕ್ಕ ಅಕ್ಷರಗಳ ಸ್ಥಾನವನ್ನೇ ಕೊಟ್ಟಿದ್ದರಿಂದ 'ಮಲಯಾಳಂ' ಎಂಬ ಮಾತು ಎ, ಇ, ಬಿ, ಎಂ, ಎಫ್, ಡಬ್ಲ್ಯು ಎಂಬ ಆರು ಅಕ್ಷರಗಳಾಗಿ ಬಿದ್ದಿರುತ್ತಿತ್ತು. ತೆಲುಗಿನಲ್ಲಿ ಅನು ಮುದ್ರಾಕ್ಷರಗಳ ಪಟ್ಟಿಯೇ ಮತ್ತೊಂದು. ಎರಡು ಭಾಷೆಯ ಒಂದು ವಾರ್ಷಿಕದಲ್ಲಿ ಒಂದೇ ಅಂಕೆ ಎಡಪುಟದಲ್ಲಿ ಒಂದಕ್ಷರ, ಬಲಪುಟದಲ್ಲಿ ಇನ್ನೊಂದು. ಕಾಗದದ ಮೇಲೆ ಮಾತ್ರ ಎಲ್ಲವೂ ಚೆಂದ.

ಈ ಗೊಂದಲಕ್ಕೆ ಪರಿಹಾರವಾಗಿ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಬೇರೊಬ್ಬರು ಮುಟ್ಟದ ಸ್ವಂತ ಅಂಕೆ ಕೊಡುವ ಯೂನಿಕೋಡ್ 1991ರಲ್ಲಿ ಹೊರಬಂತು. ಭಾರತೀಯ ಲಿಪಿಗಳನ್ನು ಇಸ್ಕಿಯ ಕ್ರಮದಲ್ಲಿಯೇ ಜೋಡಿಸಿದರು. 3072ರಿಂದ ತೆಲುಗು, 3200ರಿಂದ ಕನ್ನಡ, 3328ರಿಂದ ಮಲಯಾಳ, ತಲಾ 128 ಸ್ಥಾನ. ತೆಲುಗಿನ ಕಕಾರ 3093. 128 ಕೂಡಿಸಿದರೆ 3221, ಕನ್ನಡದ್ದು. ಮತ್ತೆ 128 ಕೂಡಿಸಿದರೆ 3349, ಮಲಯಾಳದ್ದು. ರಾಯದುರ್ಗದ ಗಡಿ ಒಂದು ಪಕ್ಕದಲ್ಲಿ, ಕಾಸರಗೋಡಿನ ಗಡಿ ಇನ್ನೊಂದು ಪಕ್ಕದಲ್ಲಿ, ನಡುವೆ ಕನ್ನಡ. ಅಂಕೆ ಸಿಕ್ಕಿತೆಂದು ಕೆಲಸ ಆಗಲಿಲ್ಲ. ವಿಂಡೋಸ್‌ನಲ್ಲಿ ಕನ್ನಡ ಕಾಣಿಸಿದ್ದು 2001ರ ಎಕ್ಸ್.ಪಿ. ಆವೃತ್ತಿಯಲ್ಲಿ, ಮಲಯಾಳ 2004ರ ಅದರ ಪರಿಷ್ಕರಣದಲ್ಲಿ. ಅಲ್ಲಿಯವರೆಗಿನ ಹತ್ತು ಹನ್ನೆರಡು ವರ್ಷಗಳ ಬರಹವೆಲ್ಲ ಬಾಡಿಗೆ ಮನೆಯಲ್ಲಿಯೇ ಉಳಿಯಿತು.

ಗುರುತು ಹೊತ್ತ ರೋಮನ್ ಅಕ್ಷರಗಳಿಗೂ ಮನೆ ಸಿಕ್ಕಿತು: ದೀರ್ಘದ 'ಎ'ಗೆ 257, ಓರೆಗೆರೆಯ 'ಎಸ್'ಗೆ 347, ಕೆಳಚುಕ್ಕಿಯ 'ಡಿ'ಗೆ 7693. ಆದರೆ ಯೂನಿಕೋಡಿನಲ್ಲಿ ಇನ್ನೊಂದು ದಾರಿಯೂ ಇದೆ. ಬರಿಯ 'ಡಿ'ಯ 100 ಬರೆದು, ಅದರ ಹಿಂದೆ ಕೆಳಚುಕ್ಕಿಯ 803 ಬರೆದರೂ ಅದೇ ಅಕ್ಷರ ಕಾಣುತ್ತದೆ. ನಮಗೆ ಇದು ಸಹಜ. ವ್ಯಂಜನಕ್ಕೆ ಗುಣಿತ ಸೇರಿಸುವುದಲ್ಲವೆ? ಗಣಕಕ್ಕೆ ಮಾತ್ರ ಮಡಕಶಿರ ಎರಡು ಬೇರೆ ಬೇರೆ ಊರಾಯಿತು. ಆದ್ದರಿಂದ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ಯೂನಿಕೋಡ್ ನಿಯಮ ಮಾಡಿತು. ಕಲಸಿಟ್ಟ ಹೊಸ ಅಕ್ಷರಗಳನ್ನು ಇನ್ನು ಸೇರಿಸುವುದಿಲ್ಲವೆಂದೂ ಹೇಳಿತು. 2001ರ ಲಿಪ್ಯಂತರ ಮಾನಕವು ಕೃಷ್ಣನ ಋಕಾರಕ್ಕೆ ಕೆಳಗೆ ಉಂಗುರವಿಟ್ಟ 'ಆರ್' ಬೇಕೆಂದರೂ ಅದಕ್ಕೆ ಒಂಟಿ ಅಂಕೆ ಸಿಗಲಿಲ್ಲ. ಎರಡನ್ನು ಜೋಡಿಸಿಯೇ ಬರೆಯಬೇಕು.

ಮಲಯಾಳದ ಓದುಗರಿಗೆ ಇದು ಚಿಲ್ಲಕ್ಷರದ ಜಗಳವನ್ನು ನೆನಪಿಸಬಹುದು. ವ್ಯಂಜನ, ಚಂದ್ರಕ್ಕಲ, ಕಣ್ಣಿಗೆ ಕಾಣದ ಒಂದು ಜೋಡುಗುರುತು ಸೇರಿಸಿ ಬರೆಯುತ್ತಿದ್ದ ಚಿಲ್ಲುಗಳಿಗೆ 2008ರಲ್ಲಿ ಸ್ವಂತ ಅಂಕೆಗಳು ಬಂದವು. ಹಳೆಯದೂ ಹೊಸದೂ ಸಮ ಎಂಬ ನಿಯಮವನ್ನು ಇಲ್ಲಿ ಮಾಡಲಿಲ್ಲ. ರೇಫದ ಚಿಲ್ಲು ಹಾಕಿ ಬರೆಯುವ 'ಕಾಸರ್‌ಗೋಡ್' ಹೀಗಾಗಿ ನೋಡಲು ಒಂದೇ, ಒಳಗೆ ಎರಡು. ಕನ್ನಡದ ೞಕಾರಕ್ಕೆ ಆದ ಅನ್ಯಾಯ ಮತ್ತೊಂದು ಬಗೆಯದು. 3294ನೆಯ ಸ್ಥಾನದಲ್ಲಿ ಅದನ್ನು ಕೂರಿಸಿದವರು ಇಂಗ್ಲಿಷಿನಲ್ಲಿ 'ಫ' ಎಂದು ಹೆಸರು ಬರೆದುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅವರ ಕಟ್ಟಳೆ. ಪಕ್ಕದಲ್ಲಿ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಬರೆದಿದ್ದಾರೆ.

ಈಗ ಉಳಿದಿರುವುದು ಹಳೆಯ ಕಡತಗಳ ಪ್ರಶ್ನೆ. 1990ರ ದಶಕದಲ್ಲಿ ಗಡಿನಾಡುಗಳಲ್ಲಿ ಡಿ.ಟಿ.ಪಿ. ಆದ ಸಂಚಿಕೆಗಳು, ಊರ ಚರಿತ್ರೆಗಳು, ಶಾಸನಲೇಖನಗಳು ಫ್ಲಾಪಿಯಲ್ಲೋ ತಟ್ಟೆಯಲ್ಲೋ ಇದ್ದರೆ ಅವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಬರಿಯ ಕನ್ನಡವಿದ್ದರೆ ಕೆಲಸ ಸುಲಭ. ಕಷ್ಟವಾಗುವುದು ಹೇಮಾವತಿಯಂಥ ಊರಿನ ಶಾಸನವನ್ನು ಕುರಿತ ಲೇಖನದಲ್ಲಿ. ಅಲ್ಲಿ ಒಂದು ಸಾಲು ಕನ್ನಡ, ಮುಂದಿನ ಸಾಲು ಗುರುತು ಹೊತ್ತ ರೋಮನ್. 192 ಎಂಬ ಅಂಕೆ ಬಂದಾಗ ಅದು ತಲೆಕಟ್ಟೋ, ಯುರೋಪಿನ ವಿದ್ವಾಂಸರೊಬ್ಬರ ಹೆಸರಿನ ಅಕ್ಷರವೋ ಎಂದು ತಿಳಿಯಲು ಆ ತುಂಡಿಗೆ ಯಾವ ಮುದ್ರಾಕ್ಷರ ಹಚ್ಚಿತ್ತು ಎಂಬ ಗುರುತು ಕಡತದಲ್ಲಿ ಉಳಿದಿರಬೇಕು. ಬರಿಯ ಪಠ್ಯವಾಗಿ ಉಳಿಸಿದಲ್ಲಿ ಆ ಗುರುತು ಹೋಗಿರುತ್ತದೆ. ಪರಿವರ್ತಕ ಎಲ್ಲವನ್ನೂ ಕನ್ನಡ ಮಾಡಿಬಿಡುತ್ತದೆ. ಆಗ ಅಚ್ಚಾದ ಪ್ರತಿಯನ್ನು ಮುಂದಿಟ್ಟುಕೊಂಡು, ಚುಕ್ಕಿ ಚುಕ್ಕಿಯಾಗಿ ಕೈಯಿಂದ ತಿದ್ದಬೇಕು. ಹೆಸರು ಅಗಳಿಯೋ ಅಗಲಿಯೋ ಎಂದು ಸಂಶಯ ಬಂದರೆ ಆ ಊರಿನವರನ್ನೇ ಕೇಳಬೇಕು.